ಮಕ್ಕಳಿಗೋಸ್ಕರ ಊರಿಗೇ ಹೋಗಿಬಿಡಬೇಕಾ?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ನಮ್ಮ ಮನೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಯಜಮಾನರ ಊರು ಸಾಗರದ ಹತ್ತಿರ. ಅಲ್ಲಿ ಅತ್ತೆ, ಮಾವ ಇಬ್ಬರೇ, ಸ್ವಲ್ಪ ಅಡಿಕೆ ತೋಟ ಇದೆ. ಚೌತಿ ಹಬ್ಬಕ್ಕೆ ಹೋದಾಗ ಮಗಳ ಕಾಲಿಗೆ ಇಂಬಳ ಹತ್ತಿತು. ಆಮೇಲೆ ಅವಳು ಅಂಗಳಕ್ಕೇ ಇಳಿಯಲಿಲ್ಲ. ಮಗ ಮೊಬೈಲಿಗೆ ನೆಟ್ ಸಿಗಲ್ಲ ಅಂತ ಅತ್ತ. ‘ಮಕ್ಕಳು ಹಾಳಾಗ್ತಿದಾರೆ, ಊರಿಗೇ ಹೋಗಿಬಿಡೋಣ’ ಅಂತ ಅವತ್ತಿನಿಂದ ಇವರದ್ದು ಒಂದೇ ಮಾತು. ನನಗೆ ಕೆಲಸ ಬಿಡಲು ಮನಸ್ಸಿಲ್ಲ. ನಾನು ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇನಾ?

– ಹೆಸರು ಬೇಡ, ಬೆಂಗಳೂರು

ಉತ್ತರ: ಇಲ್ಲ. ಏಳನೇ ಮಹಡಿಯಲ್ಲಿ ಇದ್ದ ಮಾತ್ರಕ್ಕೆ ಮಕ್ಕಳು ಹಾಳಾಗುವುದಿಲ್ಲ.

ಮೊದಲು ಇಂಬಳದ ಮಾತು. ಕಾಲಿಗೆ ಹತ್ತಿದ ಹುಳ ರಕ್ತ ಕುಡಿದು ದಪ್ಪಗಾಗುವುದನ್ನು ನೋಡಿದ ಮಗು ಹೆದರದೇ ಇರುತ್ತದಾ? ‘ಏನೂ ಆಗಲ್ಲ, ಸುಮ್ನಿರು’ ಅಂದರೆ ಹೆದರಿಕೆ ಹೋಗುವುದಿಲ್ಲ. ತೆಗೆಯುವುದು ಹೇಗೆ ಅಂತ ತೋರಿಸಿದರೆ ಹೋಗುತ್ತದೆ. ಬೆರಳಿನ ಉಗುರನ್ನು ಇಂಬಳದ ಬಾಯಿಯ ಪಕ್ಕದಲ್ಲಿ, ಚರ್ಮಕ್ಕೆ ತಾಗಿಸಿ ಸರಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಆಮೇಲೆ ಸೋಪು ಹಾಕಿ ತೊಳೆದರಾಯಿತು. ಅದರ ಎಂಜಲಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಣ ಇದೆ, ಅದಕ್ಕೇ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ. ಮುಂದಿನ ಸಲ ಅವಳ ಅಜ್ಜಿಯೇ ಇದನ್ನು ಹೇಳಿಕೊಡಲಿ. ಎಂಟು ವರ್ಷದ ಹುಡುಗಿ ಒಮ್ಮೆ ತಾನೇ ಇಂಬಳ ತೆಗೆದಳು ಅಂದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ.

ಇನ್ನು, ಬೆಳೆಯುವ ಮಕ್ಕಳಿಗೆ ನಿಜವಾಗಿ ಏನು ಬೇಕು ಅನ್ನುವುದು. ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 180 ನಿಮಿಷ ಓಡಾಟ, ಆಟ ಬೇಕು, ಸ್ಕ್ರೀನ್ ಒಂದು ಗಂಟೆ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಗಳ ವಯಸ್ಸಿನವರಿಗೆ ಮೈ ಬೆವರುವಂಥ ಆಟ ದಿನಕ್ಕೆ ಒಂದು ಗಂಟೆಯಾದರೂ ಬೇಕು. ಕಣ್ಣಿಗೂ ಬಯಲ ಬೆಳಕು ಬೇಕು. ಚೀನಾದ ಗ್ವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳನ್ನು ದಿನಾ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟು ನೋಡಿದರು. ಮೂರು ವರ್ಷದಲ್ಲಿ ಆ ಮಕ್ಕಳಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ದೂರದ್ದು ಮಸುಕಾಗುವ ತೊಂದರೆ ಶುರುವಾಯಿತು, ಉಳಿದ ಶಾಲೆಗಳಲ್ಲಿ ಶೇ 40ರ ಹತ್ತಿರ. ಗಮನಿಸಿ, ಇದು ನಡೆದದ್ದು ದೊಡ್ಡ ನಗರದಲ್ಲಿ, ಶಾಲೆಯ ಅಂಗಳದಲ್ಲಿ.

ಹಾಗಾಗಿ ಸಂಜೆ ಒಬ್ಬರಾದರೂ ಮಕ್ಕಳ ಜೊತೆ ಕೆಳಗಿಳಿಯಿರಿ. ಫೋನು ಮನೆಯಲ್ಲೇ ಇರಲಿ. ರಸ್ತೆ ಬದಿಯ ಒಂದು ಹೊಂಗೆ ಮರವನ್ನು ‘ನಮ್ಮ ಮರ’ ಅಂತ ಮಾಡಿಕೊಳ್ಳಿ. ಶಿವರಾತ್ರಿ ಹೊತ್ತಿಗೆ ಎಲೆ ಉದುರುತ್ತದೆ, ಯುಗಾದಿಗೆ ಮರದ ತುಂಬ ಹೊಳೆಯುವ ಎಳೆಹಸಿರು. ಆಮೇಲೆ ಒಂದು ಬೆಳಿಗ್ಗೆ ಅರಳು ಚೆಲ್ಲಿದ ಹಾಗೆ ನೆಲದ ತುಂಬ ಹೂವು. ಎಲೆಗಳ ಮೇಲೆ ಸಣ್ಣ ಸಣ್ಣ ಗಂಟು ಕಾಣುತ್ತದೆ, ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ. ಮಗಳು ಅದನ್ನು ಮುಟ್ಟಿ ನೋಡಲಿ, ಕೇಳಲಿ. ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅವಸರ ಮಾಡದೆ ಅವಳ ಜೊತೆ ನಿಂತಿರಿ.

ಊರಿಗೆ ಹಬ್ಬಕ್ಕೆ ಎರಡು ದಿನ ಹೋಗಿ ಬಂದರೆ ಮಕ್ಕಳು ನೆಂಟರಾಗಿಯೇ ಉಳಿಯುತ್ತಾರೆ. ಬೇಸಿಗೆ ರಜೆಯಲ್ಲಿ ಎರಡು ಮೂರು ವಾರ ಬಿಡಿ. ಕೈಗೆ ನಿಜವಾದ ಕೆಲಸ ಕೊಡಿ ಅಂತ ಅತ್ತೆಗೆ ಹೇಳಿ. ಹಲಸಿನ ಹಪ್ಪಳದ ಕಾಲ ಅದು. ಮಗ ಹಿಟ್ಟಿನ ಉಂಡೆ ಕಟ್ಟಲಿ, ಅರ್ಧ ಬಾಯಿಗೆ ಹೋದರೂ ಹೋಗಲಿ. ಮಗಳು ಮಣೆ ಒತ್ತಿ, ಚಾಪೆ ಮೇಲೆ ಹರವಿ, ಕಾಗೆ ಕಾಯಲಿ. ಕೆಲಸ ಮುಗಿದ ಮೇಲೆ ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಎಳೆಯಲಿ. ನೆಟ್ ನೆನಪಾಗುತ್ತದೆ, ಮೊದಲ ಎರಡು ಮೂರು ದಿನ ಅಳುತ್ತಾನೆ ಕೂಡ. ಅತ್ತರೆ ಅಳಲಿ ಬಿಡಿ.

ಎಚ್ಚರ ಮಾತ್ರ ಬೇಕೇ ಬೇಕು. ನಿಮ್ಮೂರ ಕಡೆ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನ ಸತ್ತಿದ್ದನ್ನು ಮಾವ ಮರೆತಿರಲಾರರು. ಆ ತಿಂಗಳುಗಳಲ್ಲಿ ಮಕ್ಕಳು ಕಾಡಿಗೆ, ದರಗು (ಒಣಗಿದ ಎಲೆ) ಬಿದ್ದಲ್ಲಿಗೆ ಹೋಗುವುದು ಬೇಡ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಆ ವರ್ಷದ ಸ್ಥಿತಿ ಹೇಳುತ್ತಾರೆ. ಹೊರಗಿಂದ ಬಂದ ಮೇಲೆ ಬಿಸಿನೀರು ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳಲ್ಲಿ ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಇದೆಯಾ ನೋಡಬೇಕು. ಗುಲಗಂಜಿ ಚೆಂದ ಇದೆ ಅಂತ ಬಾಯಿಗೆ ಹಾಕಬಾರದು, ಅಗಿದರೆ ವಿಷ. ಇದನ್ನು ಮಗನಿಗೆ ಬೀಜ ತೋರಿಸಿಯೇ ಹೇಳಿ.

ಕೊನೆಗೆ ನಿಮ್ಮಿಬ್ಬರ ವಿಷಯ. ‘ಮಕ್ಕಳು ಹಾಳಾಗ್ತಿದಾರೆ’ ಅನ್ನುವ ಮಾತಿನ ಒಳಗೆ ‘ಅಪ್ಪ, ಅಮ್ಮ ಇಬ್ಬರೇ ಇದ್ದಾರೆ’ ಅನ್ನುವ ಸಂಕಟ ಇರಬಹುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದೇ ಕಥೆ, ಗಂಡುಮಕ್ಕಳು ಬಾಯಿಬಿಟ್ಟು ಹೇಳುವುದು ಕಮ್ಮಿ. ಮಕ್ಕಳು ಮಲಗಿದ ಮೇಲೆ ಕೇಳಿ ನೋಡಿ. ಹೋಗಲೇಬೇಕು ಅನ್ನಿಸಿದರೆ ಶಾಲೆ ಎಷ್ಟು ದೂರ, ನಿಮ್ಮ ಕೆಲಸ ಅಲ್ಲಿಂದ ನಡೆಯುತ್ತದಾ, ಅಡುಗೆಮನೆ, ಕೊಟ್ಟಿಗೆ ಯಾರ ಪಾಲಿಗೆ ಬರುತ್ತದೆ, ಎಲ್ಲ ಮೊದಲೇ ಮಾತಾಡಿಕೊಳ್ಳಿ. ಎಲ್ಲ ಸೊಸೆಯ ತಲೆ ಮೇಲೆ ಬಂದರೆ ಆ ಮನೆಯಲ್ಲಿ ಮಕ್ಕಳಿಗೆ ಸಿಗುವುದು ಸುಸ್ತಾದ ತಾಯಿ. ನಿರ್ಧಾರ ನಿಮ್ಮಿಬ್ಬರದ್ದಾಗಿರಲಿ. ‘ನಿಮಗೋಸ್ಕರ ಬಂದ್ವಿ’, ‘ನಿಮಗೋಸ್ಕರ ಉಳಿದ್ವಿ’ ಎರಡನ್ನೂ ಮಕ್ಕಳಿಗೆ ಹೇಳಬೇಡಿ.

ಪ್ರಶ್ನೆ: ಮೊಮ್ಮಗನಿಗೆ ಮೂರು ವರ್ಷ. ಹಿತ್ತಲ ಮಣ್ಣಲ್ಲಿ ಬರಿಗಾಲಲ್ಲಿ ಆಡುತ್ತಾನೆ. ಜಂತುಹುಳ ಆಗುತ್ತದೆ ಅಂತ ಸೊಸೆ ಬಿಡುವುದಿಲ್ಲ. ಯಾರು ಸರಿ?

– ಒಬ್ಬ ಅಜ್ಜ, ದಾವಣಗೆರೆ

ಉತ್ತರ: ನಿಮ್ಮ ಸೊಸೆಯ ಭಯಕ್ಕೆ ಕಾರಣ ಇದೆ. ಕೊಕ್ಕೆಹುಳದ ಮರಿ ಅಂಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ಆದರೆ ಅದು ಇರುವುದು ಮನುಷ್ಯರ ಮಲ ಸೇರಿದ ಮಣ್ಣಿನಲ್ಲಿ. ಹಿತ್ತಲಿಗೆ ಚರಂಡಿ, ಶೌಚದ ನೀರು ಬರುವುದಿಲ್ಲ ಅಂತಾದರೆ ಧಾರಾಳವಾಗಿ ಆಡಲಿ. ನಾಯಿ, ಬೆಕ್ಕು ಗಲೀಜು ಮಾಡುವ ಮೂಲೆ ಬೇಡ. ಒಳಗೆ ಬಂದ ಕೂಡಲೇ ಕೈಕಾಲು ಸೋಪಿನಲ್ಲಿ ತೊಳೆಸಿ, ಉಗುರು ಕತ್ತರಿಸಿರಿ. ಅಂಗನವಾಡಿಯಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ ಮರೆಯದೆ ಹಾಕಿಸಿ. ಮೂರು ವರ್ಷದವನಾದ್ದರಿಂದ ಮಾತ್ರೆ ಪುಡಿ ಮಾಡಿ, ನೀರಿನಲ್ಲಿ ಕಲಸಿ ಕೊಡಬೇಕು.