ಎಂ.ಎಸ್ಸಿ.ಗೆ ಅಗ್ರಾನಮಿ ತಗೊಳ್ಳಬಹುದಾ? ಹೊಲದ ಕೆಲಸ ಇಷ್ಟ ಇದ್ದರೆ ಧಾರಾಳವಾಗಿ

ನೀವು ಬಿ.ಎಸ್ಸಿ. ಅಗ್ರಿ ಕೊನೆ ವರ್ಷದಲ್ಲಿದ್ದೀರಿ. ಎಂ.ಎಸ್ಸಿ.ಗೆ ಅಗ್ರಾನಮಿ, ಅಂದರೆ ಬೇಸಾಯ ಶಾಸ್ತ್ರ, ತಗೊಳ್ಳುವ ಮನಸ್ಸಿದೆ. ಆದರೆ ಸೀನಿಯರ್‌ಗಳು 'ಬ್ರೀಡಿಂಗ್ (ತಳಿ ಅಭಿವೃದ್ಧಿ) ತಗೋ, ಅಗ್ರಾನಮಿಯಲ್ಲಿ ಹೊಸದೇನಿದೆ' ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಅಗ್ರಾನಮಿಯಲ್ಲೇ ಎಂ.ಎಸ್ಸಿ. ಮುಗಿಸಿ ಈಗ ಕೃಷಿ ವಿಜ್ಞಾನ ಕೇಂದ್ರದಲ್ಲಿ (ಕೆವಿಕೆ) ಇದ್ದೇನೆ. ಹೊಲದ ಕೆಲಸ ನಿಮಗೆ ನಿಜವಾಗಿ ಇಷ್ಟ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಇಷ್ಟ ಇಲ್ಲದಿದ್ದರೆ, ಸೀಟು ಸಿಕ್ಕಿತು ಅನ್ನೋ ಕಾರಣಕ್ಕೆ ಮಾತ್ರ ತಗೋಬೇಡಿ.

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ. ಕೃಷಿ ಇಲಾಖೆಯ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಬಿ.ಎಸ್ಸಿ. ಅಗ್ರಿ ಸಾಕು. ಬ್ಯಾಂಕಿನ ಅಗ್ರಿಕಲ್ಚರ್ ಫೀಲ್ಡ್ ಆಫೀಸರ್ ಹುದ್ದೆಗೂ ಅಷ್ಟೇ. ನಿಮ್ಮ ಗುರಿ ಅದೇ ಆಗಿದ್ದರೆ ಎಂ.ಎಸ್ಸಿ.ಗೆ ಎರಡು ವರ್ಷ ಕೊಡಬೇಕಿಲ್ಲ, ಈಗಿಂದಲೇ ಆ ಪರೀಕ್ಷೆಗೆ ಓದಿ. ಕೆವಿಕೆಯಲ್ಲಿ ವಿಷಯ ತಜ್ಞರಾಗಬೇಕು, ಪಾಠ ಮಾಡುವ ಅರ್ಹತೆಯ ನೆಟ್ ಪರೀಕ್ಷೆ ಬರೆಯಬೇಕು, ಪಿಎಚ್.ಡಿ. ಮಾಡಿ ಪಾಠ ಅಥವಾ ಸಂಶೋಧನೆ ಕಡೆ ಹೋಗಬೇಕು ಅಂದರೆ ಎಂ.ಎಸ್ಸಿ. ಬೇಕೇ ಬೇಕು.

ಈಗ 'ಹೊಸದೇನಿದೆ' ಅನ್ನೋ ಮಾತಿಗೆ ಬರೋಣ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ಕೇಳಿದ್ದೀರಾ? ಸಾಲಿನಿಂದ ಸಾಲಿಗೆ, ಗುಳಿಯಿಂದ ಗುಳಿಗೆ ಸುಮಾರು ಒಂದೂವರೆ ಅಡಿ ಬಿಟ್ಟು ಎಳೆ ಸಸಿ ನಾಟಿ ಮಾಡುತ್ತಾರೆ. ಸಸಿ ಬೇರು ಹಿಡಿದ ಮೇಲೆ ಅದರ ಮೇಲೆ ಕೊರಡು, ಅಂದರೆ ಮರದ ದಿಮ್ಮಿ, ಎಳೆಯುತ್ತಾರೆ. ನೋಡುವವರಿಗೆ ಬೆಳೆ ಹಾಳು ಮಾಡಿದ ಹಾಗೆ ಕಾಣುತ್ತದೆ. ಆದರೆ ಬಾಗಿದ ಸಸಿಯ ಬುಡದಿಂದ ತೆಂಡೆ (ಪಕ್ಕದ ಕವಲು) ಜಾಸ್ತಿ ಒಡೆಯುತ್ತದೆ. ಆಮೇಲೆ ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆಯನ್ನು ಎರಡೂ ದಿಕ್ಕಿನಲ್ಲಿ ಹೊಡೆಯಬಹುದು, ಕಳೆಗೆ ಆಳು ಹುಡುಕುವ ಕಷ್ಟ ಕಡಿಮೆ. ಇದನ್ನು ಕಂಡುಕೊಂಡವರು ರೈತರು. ತಳಿ ಬದಲಾಗಿಲ್ಲ, ಮಣ್ಣು ಬದಲಾಗಿಲ್ಲ. ಅಂತರ, ಸಸಿಯ ವಯಸ್ಸು, ಕೆಲಸದ ಸಮಯ ಬದಲಾಗಿದೆ ಅಷ್ಟೇ. ಯಾವ ಮಣ್ಣಿನಲ್ಲಿ, ಎಷ್ಟು ಮಳೆಯಲ್ಲಿ, ಯಾವ ತಳಿಗೆ ಇದು ನಡೆಯುತ್ತೆ ಅಂತ ಅಳೆದು ಹೇಳುವುದು ನಮ್ಮ ಕೆಲಸ. ಒಳ್ಳೆ ತಳಿ ಬಂದ ಮೇಲೂ ಈ ಪ್ರಶ್ನೆ ಹಾಗೇ ಉಳಿಯುತ್ತದೆ. ಆಳು ಸಿಗದ ಹಳ್ಳಿಗಳಲ್ಲಂತೂ ಈಗ ಇದೇ ದೊಡ್ಡ ಪ್ರಶ್ನೆ.

ಓದಿನ ಲೆಕ್ಕ ಹೀಗಿದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ಈಗಿನ ಪಠ್ಯಕ್ರಮದಲ್ಲಿ ಒಟ್ಟು 70 ಕ್ರೆಡಿಟ್, ಅದರಲ್ಲಿ 30 ಬರೀ ಥೀಸಿಸ್‌ಗೆ. ಕಳೆ ನಿರ್ವಹಣೆ, ನೀರು ನಿರ್ವಹಣೆ, ಪೋಷಕಾಂಶ, ಒಣಬೇಸಾಯ ಇವೆಲ್ಲ ತರಗತಿಯಲ್ಲಿ ಬರುತ್ತವೆ. ಬಿ.ಎಸ್ಸಿ. ಚೆನ್ನಾಗಿ ಓದಿದ್ದರೆ ಕಷ್ಟ ಆಗಲ್ಲ. ಸ್ಟ್ಯಾಟಿಸ್ಟಿಕ್ಸ್ ಮಾತ್ರ ಸುಮ್ನೆ ಪಾಸಾಗಲು ಓದಬೇಡಿ. ಆರ್‌ಸಿಬಿಡಿ, ಸ್ಪ್ಲಿಟ್ ಪ್ಲಾಟ್ ಅಂತ ಹೊಲದ ಪ್ರಯೋಗವನ್ನು ಜೋಡಿಸುವ ವಿನ್ಯಾಸಗಳು ಅರ್ಥವಾಗದೆ ನಿಮ್ಮ ಪ್ರಯೋಗ ನಿಮಗೇ ಅರ್ಥವಾಗಲ್ಲ.

ನಿಜವಾದ ಎಂ.ಎಸ್ಸಿ. ಇರೋದು ಪ್ಲಾಟಿನಲ್ಲಿ, ಅಂದರೆ ಪ್ರಯೋಗಕ್ಕೆ ಅಳೆದು ಮಾಡಿದ ಹೊಲದ ತುಂಡಿನಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ನೀರಾವರಿ ರಾಗಿಗೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ ಶಿಫಾರಸು. ನಿಮ್ಮ ಪ್ಲಾಟು 4.5 ಮೀಟರ್ ಉದ್ದ, 3.6 ಮೀಟರ್ ಅಗಲ ಅಂದುಕೊಳ್ಳಿ. ಅಷ್ಟು ಜಾಗಕ್ಕೆ ಬೇಕಾಗೋದು 162 ಗ್ರಾಂ ಸಾರಜನಕ, ಅಂದರೆ ಸುಮಾರು 352 ಗ್ರಾಂ ಯೂರಿಯಾ. ಅದರಲ್ಲಿ ಅರ್ಧ ಬಿತ್ತುವಾಗ, ಉಳಿದರ್ಧ ಮೇಲುಗೊಬ್ಬರ. ಹೀಗೆ ಪ್ರತಿ ಪ್ಲಾಟಿಗೂ ತೂಗಿ, ಪೊಟ್ಟಣ ಕಟ್ಟಿ, ನಂಬರ್ ಹಾಕಿ ಜೋಡಿಸಿಡಬೇಕು.

ಕೊಯ್ಲಿನಲ್ಲಿ ಇನ್ನೂ ಎಚ್ಚರ ಬೇಕು. ಅಂಚಿನ ಸಾಲು ಬಿಟ್ಟರೆ ನೆಟ್ ಪ್ಲಾಟು, ಅಂದರೆ ಇಳುವರಿ ಲೆಕ್ಕಕ್ಕೆ ಹಿಡಿಯುವ ಜಾಗ, 10 ಚದರ ಮೀಟರ್ ಹತ್ತಿರ ಉಳಿಯುತ್ತದೆ. ಅದನ್ನು ಹೆಕ್ಟೇರಿಗೆ ಏರಿಸುವಾಗ ಸಾವಿರದಿಂದ ಗುಣಿಸಿದ ಹಾಗೆ. ಒಕ್ಕುವಾಗ 100 ಗ್ರಾಂ ಕಾಳು ಚೆಲ್ಲಿದರೆ ನಿಮ್ಮ ಲೆಕ್ಕದಲ್ಲಿ ಹೆಕ್ಟೇರಿಗೆ ಒಂದು ಕ್ವಿಂಟಲ್ ಕಾಣೆಯಾಗುತ್ತದೆ! ಆಳುಗಳ ಮೇಲೆ ಬಿಟ್ಟು ಹಾಸ್ಟೆಲ್‌ಗೆ ಹೋದರೆ ಆಗಲ್ಲ. ಪ್ರತಿ ಚೀಲಕ್ಕೂ ಒಳಗೊಂದು ಹೊರಗೊಂದು ಚೀಟಿ ಇರಲಿ, ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಇಬ್ಬನಿಗೇ ಅಳಿಸಿಹೋಗುತ್ತದೆ. ಕಳೆ ಪ್ರಯೋಗ ಆದರೆ ಅರ್ಧ ಮೀಟರ್ ಚೌಕ ಇಟ್ಟು ಹುಲ್ಲು, ಜೇಕು, ಅಗಲ ಎಲೆ ಕಳೆ ಅಂತ ಬೇರೆ ಬೇರೆ ಎಣಿಸಬೇಕು. ಬೆನ್ನು ನೋಯುತ್ತೆ, ನಿಜ. ಆದರೆ ಒಂದು ಹಂಗಾಮು ಹೀಗೆ ಕಳೆದವರು ಆಮೇಲೆ ಯಾರ ಹೊಲಕ್ಕೆ ಹೋದರೂ ಬದುವಿನ ಮೇಲೆ ನಿಂತೇ ಬಹಳಷ್ಟು ಹೇಳಬಲ್ಲರು. ರೈತರು ನಮ್ಮ ಮಾತು ಕೇಳೋದು ಅದಕ್ಕೇ.

ಪ್ರವೇಶಕ್ಕೆ ಎರಡು ದಾರಿ. ಐಸಿಎಆರ್‌ನ ಅಖಿಲ ಭಾರತ ಪಿಜಿ ಪರೀಕ್ಷೆ ಬರೆದರೆ ದೆಹಲಿಯ ಪೂಸಾ ಸಂಸ್ಥೆಯೂ ಸಿಗಬಹುದು, ರಾಜ್ಯ ವಿಶ್ವವಿದ್ಯಾಲಯಗಳ ಒಂದಷ್ಟು ಸೀಟುಗಳೂ ಅದರಲ್ಲೇ ತುಂಬುತ್ತವೆ. ಮೇಲಿನ ರ‍್ಯಾಂಕಿಗೆ ತಿಂಗಳ ಸ್ಕಾಲರ್‌ಶಿಪ್ ಇದೆ. ಮನೆ ಕಡೆ ಹಣದ ಕಷ್ಟ ಇದ್ದರೆ ಇದನ್ನು ಬಿಡಲೇಬೇಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಗೊತ್ತಿಲ್ಲದ್ದನ್ನು ಊಹೆ ಮೇಲೆ ಬರೆಯಬೇಡಿ. ಇನ್ನೊಂದು ದಾರಿ ನಮ್ಮ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳದೇ ಪ್ರವೇಶ, ಅದಕ್ಕೆ ಪ್ರಕಟಣೆ ಬೇರೆ ಬರುತ್ತದೆ.

ವಿಶ್ವವಿದ್ಯಾಲಯದ ಹೆಸರಿಗಿಂತ ಬೆಳೆ ಮತ್ತು ಗೈಡ್ (ಥೀಸಿಸ್ ಮಾರ್ಗದರ್ಶಕರು) ಮುಖ್ಯ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ರಾಗಿ, ಕೆಂಪು ಮಣ್ಣಿನ ಒಣಬೇಸಾಯ ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಕಪ್ಪು ಮಣ್ಣು, ಹಿಂಗಾರಿ ಜೋಳ ಅಂದರೆ ಧಾರವಾಡ, ವಿಜಯಪುರದ ಕಡೆ ನೋಡಿ. ತೊಗರಿ, ತುಂಗಭದ್ರಾ ಅಚ್ಚುಕಟ್ಟಿನ ಭತ್ತ, ಚೌಳು ನೆಲದ ಸಮಸ್ಯೆ ಇವಕ್ಕೆ ರಾಯಚೂರು. ಮಲೆನಾಡಿನ ಬೆಳೆಗಳಿಗೆ ಶಿವಮೊಗ್ಗ. ಮುಂದೆ ಯಾವ ಸೀಮೆಯಲ್ಲಿ ಕೆಲಸ ಮಾಡುವ ಆಸೆಯೋ ಆ ಮಣ್ಣಿನಲ್ಲೇ ಥೀಸಿಸ್ ಮಾಡಿದರೆ ಒಳ್ಳೇದು ಅಲ್ವಾ?

ಗೈಡ್ ಹಂಚಿಕೆ ಆಗುವ ಮೊದಲೇ ಒಮ್ಮೆ ವಿಭಾಗಕ್ಕೆ ಹೋಗಿ ಬನ್ನಿ. ಈಗ ಅಲ್ಲಿ ಓದುತ್ತಿರುವವರನ್ನು ಕೇಳಿ: ಗೈಡ್ ಪ್ಲಾಟಿಗೆ ಬಂದು ನೋಡುತ್ತಾರಾ? ಆಳು, ಗೊಬ್ಬರದ ಖರ್ಚನ್ನು ಯೋಜನೆಯಿಂದ ಕೊಡುತ್ತಾರಾ, ವಿದ್ಯಾರ್ಥಿಯೇ ಹಾಕಬೇಕಾ? ಬೋರ್‌ವೆಲ್ ಬೇಸಿಗೆಯಲ್ಲೂ ನೀರು ಕೊಡುತ್ತಾ? ಥೀಸಿಸ್ ಹೊತ್ತಿಗೆ ಸರಿಯಾಗಿ ಮುಗಿಯುತ್ತಾ? ಈ ಉತ್ತರಗಳು ಸಿಕ್ಕಿದ ಮೇಲೆ ಇಲ್ಲಿ ಬರೆಯಿರಿ, ಯಾವ ಬೆಳೆ ತಗೊಳ್ಳಬಹುದು ಅಂತ ಮಾತಾಡೋಣ.