ಗುಳೆ ಹೋಗಿ ಬಂದ ಮಗುವಿನ ಹಲ್ಲು ಲೆಕ್ಕಕ್ಕೆ ಬರುತ್ತದೆಯೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಈ ಬಾರಿ ದಂತ ಕಾಲೇಜಿನ ವಿದ್ಯಾರ್ಥಿಗಳಿಗೆ ಸಂಶೋಧನೆಯ ದಾರಿ

ಪ್ರಶ್ನೆ: ನಾನು ಬಿಡಿಎಸ್ ಎರಡನೇ ವರ್ಷದಲ್ಲಿದ್ದೇನೆ. ಸಂಶೋಧನೆ ಏನಿದ್ದರೂ ಸ್ನಾತಕೋತ್ತರ ಪದವಿಗೆ, ಅಂದರೆ ಎಂಡಿಎಸ್ ಸೇರಿದ ಮೇಲೆ ಅಂತ ಸೀನಿಯರ್‌ಗಳು ಹೇಳುತ್ತಾರೆ. ಈಗಲೇ ಅವಕಾಶ ಇದೆಯಾ? ಹಣದ ನೆರವು ಸಿಗುತ್ತಾ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಎಂಡಿಎಸ್‌ನಲ್ಲಿ ಪ್ರಬಂಧ ಕಡ್ಡಾಯ, ಅದು ನಿಜ. ಆದರೆ ಬಿಡಿಎಸ್ ಓದುವಾಗ ಮಾತ್ರ ಸಿಗುವ ಅವಕಾಶಗಳೂ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ನಡೆಸುತ್ತಿರುವ ಅಲ್ಪಾವಧಿ ವಿದ್ಯಾರ್ಥಿವೇತನ, ಎಲ್ಲರ ಬಾಯಲ್ಲಿ ಎಸ್‌ಟಿಎಸ್, ಅಂಥದ್ದು. ಎಂಬಿಬಿಎಸ್ ಮತ್ತು ಬಿಡಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಕೆಲಸ. ಇಂಟರ್ನ್‌ಗಳಿಗೆ ಅವಕಾಶವಿಲ್ಲ, ಹಾಗಾಗಿ ಎರಡನೇ, ಮೂರನೇ ವರ್ಷವೇ ಸರಿಯಾದ ಸಮಯ. ಹಣ ಮುಂಗಡ ಬರುವುದಿಲ್ಲ. ವರದಿ ಸಲ್ಲಿಸಿ, ಅದು ಒಪ್ಪಿಗೆಯಾದ ಮೇಲೆಯೇ ಖಾತೆಗೆ ಜಮಾ. ಅಲ್ಲಿಯವರೆಗಿನ ಬಸ್ ಚಾರ್ಜು, ಝೆರಾಕ್ಸ್ ಖರ್ಚು ಕೈಯಿಂದಲೇ.

ಅರ್ಜಿ ಬಿದ್ದುಹೋಗುವುದು ವಿಷಯ ಚೆನ್ನಾಗಿಲ್ಲ ಅಂತಲೇ ಅಲ್ಲ. ಪ್ರಸ್ತಾವನೆಯ ಒಳಗೆ ನಿಮ್ಮ ಹೆಸರು, ಗೈಡ್ ಹೆಸರು, ಕಾಲೇಜಿನ ಹೆಸರು ಎಲ್ಲಿಯೂ ಇಣುಕಬಾರದು. ‘ನಮ್ಮ ಕಲಬುರಗಿ ಕಾಲೇಜಿನ ಒಪಿಡಿಯಲ್ಲಿ’ ಅಂತ ಬರೆದರೆ ಕೆಟ್ಟಿತು, ‘ದಂತ ಆಸ್ಪತ್ರೆಯೊಂದರ ಒಪಿಡಿಯಲ್ಲಿ’ ಅಂದರೆ ಸಾಕು. ಇನ್ನೊಂದು, ಒಬ್ಬ ಗೈಡ್ ಒಂದು ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನಷ್ಟೇ ತೆಗೆದುಕೊಳ್ಳಬಹುದು. ಅರ್ಜಿ ಕರೆಯುವವರೆಗೆ ಕಾದರೆ ಒಳ್ಳೆಯ ಗೈಡ್‌ಗಳು ಅಷ್ಟರಲ್ಲಿ ಬೇರೆಯವರಿಗೆ ಮಾತು ಕೊಟ್ಟಿರುತ್ತಾರೆ. ಈಗಲೇ ಹೋಗಿ ಮಾತಾಡಿ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪದವಿ ವಿದ್ಯಾರ್ಥಿಗಳ ಯೋಜನೆಗಳಿಗೆ ಅನುದಾನ ಕೊಡುತ್ತದೆ. ಅದರ ಸುತ್ತೋಲೆ ಪ್ರಿನ್ಸಿಪಾಲರ ಕಚೇರಿಗೆ ಬಂದು ಅಲ್ಲೇ ಕೂತಿರುವುದೂ ಉಂಟು. ಆಗಾಗ ವಿಚಾರಿಸುತ್ತಿರಿ.

ಪ್ರಶ್ನೆ: ನಮ್ಮದು ಶಹಾಪುರದ ಕಡೆ ಹಳ್ಳಿ. ಊರಿನ ಮಕ್ಕಳ ಹಲ್ಲು ಕಂದುಗಟ್ಟಿವೆ, ಬೋರ್‌ವೆಲ್ ನೀರಿನ ಫ್ಲೋರೈಡ್ ಕಾರಣ ಅಂತಾರೆ. ಶಾಲೆಯಲ್ಲಿ ಸರ್ವೆ ಮಾಡಬೇಕೆಂದಿದ್ದೇನೆ. ಹೇಗೆ ಶುರು ಮಾಡಲಿ?
– ಮೂರನೇ ವರ್ಷದ ಬಿಡಿಎಸ್ ವಿದ್ಯಾರ್ಥಿ, ಯಾದಗಿರಿ ಜಿಲ್ಲೆ

ಉತ್ತರ: ವಿಷಯ ಒಳ್ಳೆಯದು, ಆದರೆ ಎಡವುವ ಜಾಗಗಳು ಬಹಳ. ಎಲ್ಲಕ್ಕಿಂತ ದೊಡ್ಡದು ಇದು: ಮೇಲಿನ ಮುಂದಿನ ಹಲ್ಲಿನ ದಂತಕವಚ ಕಟ್ಟುವುದು ಮಗುವಿನ ಮೊದಲ ಮೂರ್ನಾಲ್ಕು ವರ್ಷಗಳಲ್ಲಿ. ಇವತ್ತು 12 ವರ್ಷದ ಹುಡುಗನ ಹಲ್ಲಿನಲ್ಲಿ ಕಾಣುವ ಕಲೆ ಎಂಟರಿಂದ ಹನ್ನೆರಡು ವರ್ಷ ಹಿಂದೆ ಕುಡಿದ ನೀರಿನದು. ಇವತ್ತಿನ ಬೋರ್‌ವೆಲ್ ನೀರು ಪರೀಕ್ಷಿಸಿ ಅದಕ್ಕೂ ಇದಕ್ಕೂ ಗಂಟು ಹಾಕಿದರೆ ತಪ್ಪು ಉತ್ತರ ಬರುತ್ತದೆ. ನಿಮ್ಮ ಭಾಗದಲ್ಲಿ ಮನೆಮಂದಿಯೆಲ್ಲ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ, ಮಗು ಆ ವಯಸ್ಸಿನಲ್ಲಿ ಎಲ್ಲಿತ್ತು ಅನ್ನುವುದೇ ಮುಖ್ಯ ಪ್ರಶ್ನೆ. ಹುಟ್ಟಿದಾಗಿನಿಂದ ಅದೇ ಊರಲ್ಲಿದ್ದು ಅದೇ ನೀರು ಕುಡಿದವರನ್ನು ಮಾತ್ರ ಸೇರಿಸಿ. ಶುದ್ಧ ಕುಡಿಯುವ ನೀರಿನ ಘಟಕ ಊರಿಗೆ ಯಾವಾಗ ಬಂತು ಅನ್ನುವುದನ್ನೂ ಪಂಚಾಯಿತಿಯಲ್ಲಿ ಕೇಳಿ ಬರೆದುಕೊಳ್ಳಿ. ಮಗು ಎಲ್ಲಿತ್ತು, ಯಾವ ನೀರು ಕುಡಿಯಿತು ಅನ್ನುವುದನ್ನು ಮಗುವಿಗೆ ಕೇಳಬೇಡಿ, ತಾಯಿಗೆ ಕೇಳಿ.

ಎರಡನೆಯದು, ಕಂದು ಇದ್ದದ್ದೆಲ್ಲ ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದಾದ ಕಲೆ, ಅಲ್ಲ. ಫ್ಲೋರೋಸಿಸ್ ಎಡಬಲ ಜೋಡಿ ಹಲ್ಲುಗಳಲ್ಲಿ ಸಮನಾಗಿ, ಅಡ್ಡಗೆರೆಗಳಾಗಿ ಕಾಣುತ್ತದೆ. ಒಂದೇ ಹಲ್ಲಿನ ನಡುವೆ ದುಂಡಗೆ ಮಚ್ಚೆ ಇದ್ದರೆ ಕಾರಣ ಬೇರೆ, ಹಾಲುಹಲ್ಲಿಗೆ ಪೆಟ್ಟು ಬಿದ್ದದ್ದೂ ಆಗಿರಬಹುದು. ಒಸಡಿನ ಅಂಚಿಗೆ ಹತ್ತಿಕೊಂಡ ಸುಣ್ಣದಂಥ ಬಿಳುಪು ಸಾಮಾನ್ಯವಾಗಿ ಹುಳುಕಿನ ಆರಂಭ. ಫ್ಲೋರೋಸಿಸ್ ಎಷ್ಟಿದೆ ಅಂತ ಅಂಕ ಕೊಡುವ ಡೀನ್ ಸೂಚ್ಯಂಕದಲ್ಲಿ ಅತಿ ಹೆಚ್ಚು ಕೆಟ್ಟ ಎರಡು ಹಲ್ಲು ನೋಡಿ ಅಂಕ ಕೊಡಬೇಕು, ಎರಡೂ ಸಮ ಇಲ್ಲದಿದ್ದರೆ ಕಡಿಮೆ ಕೆಟ್ಟದ್ದರ ಅಂಕ ಹಾಕಬೇಕು. ಹೆಚ್ಚಿನದನ್ನು ಹಾಕುವುದು ವಿದ್ಯಾರ್ಥಿಗಳ ಮಾಮೂಲಿ ತಪ್ಪು. ಅಂಥದ್ದೇ ಇನ್ನೊಂದಾದ ಟಿಎಫ್ ಸೂಚ್ಯಂಕಕ್ಕೆ ಹಲ್ಲು ಒಣಗಿಸಿ ನೋಡಬೇಕು. ಒಣಗಿದ ಹಲ್ಲಿನಲ್ಲಿ ತೆಳು ಗೆರೆಯೂ ಎದ್ದು ಕಾಣುತ್ತದೆ. ಕೆಲವರನ್ನು ಒಣಗಿಸಿ, ಕೆಲವರನ್ನು ಹಾಗೇ ನೋಡಿದರೆ ಇಡೀ ಸರ್ವೆ ದಂಡ.

ಹೊರಡುವ ಮುನ್ನ ಗೈಡ್ ಜೊತೆ ಕೂತು ಇಪ್ಪತ್ತು ಮಕ್ಕಳನ್ನು ಬೇರೆಬೇರೆಯಾಗಿ ನೋಡಿ ಅಂಕ ಹಾಕಿ, ಕಪ್ಪಾ ಮೌಲ್ಯ (ಇಬ್ಬರ ಅಂಕಗಳು ಎಷ್ಟು ಹೊಂದುತ್ತವೆ ಎಂಬ ಅಳತೆ) ತೆಗೆಯಿರಿ. 0.8 ದಾಟಿದ ಮೇಲೆ ಊರಿಗೆ ಹೋಗಿ. ಸರ್ವೆ ನಡುವೆಯೂ ಹತ್ತರಲ್ಲಿ ಒಂದು ಮಗುವನ್ನು ಎರಡನೇ ಸಲ ನೋಡಿ.

ಎಷ್ಟು ಮಕ್ಕಳು ಬೇಕು? 4 ಗುಣಿಸು ಪಿ ಗುಣಿಸು ಕ್ಯೂ, ಅದನ್ನು ಒಪ್ಪಬಹುದಾದ ದೋಷದ ವರ್ಗದಿಂದ ಭಾಗಿಸು. ಪಿ ಅಂದರೆ ಕಲೆ ಇರಬಹುದಾದ ಮಕ್ಕಳ ಶೇಕಡಾವಾರು, ಕ್ಯೂ ಅಂದರೆ ನೂರರಲ್ಲಿ ಉಳಿದದ್ದು. ಪಿ 50, ದೋಷ ಶೇ 5 ಆದರೆ 400 ಮಕ್ಕಳು. ದೋಷ ಶೇ 10ಕ್ಕೆ ಬಿಟ್ಟರೆ 100. ಗೈರುಹಾಜರಿಗೆ ಶೇ 10 ಸೇರಿಸಿ. ಬಾಯಿಕನ್ನಡಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಆದದ್ದೇ ಆಗಬೇಕು, ಅಂದರೆ ಡಬ್ಬಿಯಲ್ಲಿ ಕನ್ನಡಿ ಎಷ್ಟಿವೆಯೋ ಅಂದಿಗೆ ಅಷ್ಟೇ ಮಕ್ಕಳು. ಸ್ಪಿರಿಟ್‌ನಲ್ಲಿ ಅದ್ದಿ ಮುಂದಿನ ಬಾಯಿಗೆ ಹಾಕುವ ಹಾಗಿಲ್ಲ.

ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಬೇಡಿ, ಫ್ಲೋರೈಡ್ ಗಾಜಿನೊಡನೆ ವರ್ತಿಸಬಹುದು. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಪಂಪು ಕೆಲ ನಿಮಿಷ ಓಡಿದ ಮೇಲೆ ತುಂಬಿ. ಪರೀಕ್ಷೆಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯವನ್ನು ಕೇಳಿ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ.

ಒಪ್ಪಿಗೆಗಳು ಒಂದರ ಹಿಂದೊಂದು: ಮೊದಲು ಕಾಲೇಜಿನ ನೈತಿಕ ಸಮಿತಿ, ಆಮೇಲೆ ಡಿಡಿಪಿಐ ಅಥವಾ ಬಿಇಒ ಪತ್ರ, ಮುಖ್ಯಗುರುಗಳು, ಪಾಲಕರ ಸಹಿ, ಕೊನೆಗೆ ಮಗುವಿನ ಸಮ್ಮತಿ. 7ರಿಂದ 12 ವರ್ಷದವರಿಗೆ ಬಾಯಿಮಾತಿನದು ಸಾಕು, ಅದಕ್ಕೂ ದೊಡ್ಡವರಿಗೆ ಬರಹದಲ್ಲಿ. ಸಮಿತಿಯ ಒಪ್ಪಿಗೆಗೆ ಮುಂಚೆ ನೋಡಿದ ಒಂದೇ ಒಂದು ಬಾಯಿಯನ್ನೂ ಲೆಕ್ಕಕ್ಕೆ ಸೇರಿಸುವಂತಿಲ್ಲ, ಹಿಂದಿನ ದಿನಾಂಕ ಹಾಕಿ ಒಪ್ಪಿಗೆ ಕೊಡುವ ಪದ್ಧತಿಯೂ ಇಲ್ಲ. ಸಮಿತಿ ದಿನವೂ ಕೂಡುವುದಿಲ್ಲ, ಏಪ್ರಿಲ್ ಬಂತೆಂದರೆ ಶಾಲೆಗೆ ಬೀಗ. ಮಳೆಗಾಲದಲ್ಲಿ ಕಡತ ಕೊಟ್ಟರೆ ಚಳಿಗಾಲದಲ್ಲಿ ಮಕ್ಕಳನ್ನು ನೋಡಬಹುದು. ಒಪ್ಪಿಗೆ ಪತ್ರ ಕನ್ನಡದ ಜೊತೆ ಉರ್ದುವಿನಲ್ಲೂ ಇರಲಿ.

ಪ್ರಶ್ನೆ: ಕಿತ್ತ ಹಲ್ಲುಗಳ ಮೇಲೆ ಬಾಂಡಿಂಗ್ ಪ್ರಯೋಗ ಮಾಡುತ್ತಿದ್ದೇವೆ. ಗೆಳೆಯರು ಫಾರ್ಮಾಲಿನ್‌ನಲ್ಲಿ ಇಡು ಅನ್ನುತ್ತಾರೆ. ಸರಿಯೇ?
– ವಿದ್ಯಾರ್ಥಿ, ಬೀದರ್

ಉತ್ತರ: ಹಲ್ಲಿಗೆ ಅಂಟು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ನೋಡುವ ಬಾಂಡಿಂಗ್ ಪ್ರಯೋಗಕ್ಕೆ ಬೇಡ. ಫಾರ್ಮಾಲಿನ್ ಡೆಂಟಿನ್‌ನ (ದಂತಕವಚದ ಒಳಗಿನ ಪದರ) ಕೊಲಾಜನ್ ಎಂಬ ನಾರಿನ ಪ್ರೋಟೀನನ್ನು ಬದಲಾಯಿಸುತ್ತದೆ, ಸೋಡಿಯಂ ಹೈಪೋಕ್ಲೋರೈಟ್ ಅದನ್ನು ಕರಗಿಸುತ್ತದೆ. ಎರಡರಲ್ಲೂ ನೀವು ಅಳೆಯುವುದು ಬಾಂಡಿಂಗ್ ಶಕ್ತಿಯನ್ನಲ್ಲ, ದ್ರಾವಣದ ಪರಿಣಾಮವನ್ನು. ಕಿತ್ತ ತಕ್ಷಣ ರಕ್ತ, ಅಂಗಾಂಶ ತೊಳೆದು ಶೇ 0.5ರ ಕ್ಲೋರಮೈನ್-ಟಿ ದ್ರಾವಣದಲ್ಲಿ ಹೆಚ್ಚೆಂದರೆ ಒಂದು ವಾರ ಇಡಿ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ, ಫ್ರಿಜ್ಜಿನ 4 ಡಿಗ್ರಿಯಲ್ಲಿ. ನೀರು ಆಗಾಗ ಬದಲಾಯಿಸಿ. ನಮ್ಮ ಕಡೆಯ ಬೇಸಿಗೆಯಲ್ಲಿ ಮೇಜಿನ ಮೇಲೆ ಬಿಟ್ಟ ಹಲ್ಲು ಬೇಗ ಒಣಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಅಂಥದ್ದನ್ನು ಬಾಂಡಿಂಗ್ ಶಕ್ತಿ ಅಳೆಯುವ ಯಂತ್ರಕ್ಕೆ ಕೊಟ್ಟರೆ ಬಿರುಕಲ್ಲೇ ಮುರಿಯುತ್ತದೆ, ಅಂಕಿ ಮಾತ್ರ ಅಂಟಿನ ಹೆಸರಿಗೆ ಬೀಳುತ್ತದೆ. ಬೆಳ್ಳಿ-ಪಾದರಸದ ಮಿಶ್ರಣ ತುಂಬಿದ ಹಲ್ಲನ್ನು ಆಟೋಕ್ಲೇವ್‌ಗೆ ಹಾಕಬೇಡಿ, ಪಾದರಸದ ಆವಿ ಬರುತ್ತದೆ. ಕಿತ್ತ ಹಲ್ಲು ತಾನೇ ಅಂತ ನೈತಿಕ ಸಮಿತಿಯನ್ನು ಬಿಡುವಂತಿಲ್ಲ, ವಿನಾಯಿತಿ ಕೊಡುವುದಿದ್ದರೂ ಅದನ್ನು ಅವರೇ ಕೊಡಬೇಕು.

ಪ್ರಶ್ನೆ: ಗುಟ್ಕಾ ಬಳಕೆಯ ಬಗ್ಗೆ ಕೇಳಿದರೆ ರೋಗಿಗಳು ‘ಇಲ್ಲ’ ಅಂತಾರೆ. ಏನು ಮಾಡಲಿ?
– ಇಂಟರ್ನ್, ಆಳಂದ

ಉತ್ತರ: ‘ತಂಬಾಕು ಬಳಸ್ತೀರಾ?’ ಅಂತ ಒಟ್ಟಿಗೆ ಕೇಳಬೇಡಿ. ಗುಟ್ಕಾ, ಜರ್ದಾ, ಎಲೆ-ಅಡಿಕೆ, ಬೀಡಿ, ಹಲ್ಲುಜ್ಜುವ ಮಿಶ್ರಿ, ಒಂದೊಂದನ್ನೂ ಹೆಸರು ಹಿಡಿದು ಕೇಳಿ. ಮಿಶ್ರಿ ಹಚ್ಚುವ ಹೆಂಗಸರು ಅದನ್ನು ತಂಬಾಕಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅತ್ತೆಯನ್ನೋ ಗಂಡನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರೆ ಉತ್ತರ ‘ಇಲ್ಲ’ವೇ. ಗುಟ್ಕಾ ಜಗಿಯುವವರ ಬಾಯಿ ಬಿಗಿಯಾಗಿ ಕಡಿಮೆ ತೆರೆಯಬಹುದು, ಹಾಗಾಗಿ ಜೊತೆಗೆ ವರ್ನಿಯರ್ ಅಳತೆಪಟ್ಟಿಯಿಂದ ಬಾಯಿ ತೆರೆಯುವ ಅಳತೆಯನ್ನು ಮೇಲಿನ, ಕೆಳಗಿನ ಬಾಚಿಹಲ್ಲುಗಳ ಅಂಚಿನ ನಡುವೆ ಮೂರು ಸಲ ತೆಗೆದು ಸರಾಸರಿ ಬರೆಯಿರಿ. ಒಳಗೆನ್ನೆಯ ಬಿಳುಪು, ಬಿಗಿತ ಬಾಯಿಮಾತಿಗಿಂತ ಹೆಚ್ಚು ಹೇಳುತ್ತವೆ.