ಕೀಲುಗಳು ಅತಿಯಾಗಿ ಬಾಗುವ ಗರ್ಭಿಣಿಯ ಹೆರಿಗೆಗೆ ಏನು ಎಚ್ಚರ ಬೇಕು?

ತಂಗಿಗೆ ಎಹ್ಲರ್ಸ್-ಡ್ಯಾನ್ಲೋಸ್ (ಕೀಲು, ಚರ್ಮ, ರಕ್ತನಾಳಗಳಿಗೆ ಬಲ ಕೊಡುವ ಅಂಗಾಂಶ ಹುಟ್ಟಿನಿಂದಲೇ ದುರ್ಬಲವಾಗಿರುವ ಕಾಯಿಲೆ) ಇದೆ, ಐದು ತಿಂಗಳು ತುಂಬಿದೆ, ಚೊಚ್ಚಲ ಹೆರಿಗೆಗೆ ಜಮಖಂಡಿಯ ತವರಿಗೆ ಕರೆತರಬಹುದೇ ಎಂದು ಕೇಳಿದ್ದೀರಿ. ಕುಬುಸದ ದಿನ ಗೊತ್ತುಮಾಡುವ ಮೊದಲು ಕಾಯಿಲೆ ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳಿ. ರಕ್ತನಾಳಗಳನ್ನು ಬಾಧಿಸುವ ವ್ಯಾಸ್ಕ್ಯುಲರ್ ಬಗೆಯಲ್ಲಿ ರಕ್ತನಾಳ ಇಲ್ಲವೇ ಗರ್ಭಕೋಶವೇ ಹರಿದುಹೋಗುವ ಅಪಾಯವಿದೆ. ಜೀನ್ ಪರೀಕ್ಷೆಯಿಂದ ಅದು ತಿಳಿಯುತ್ತದೆ. ಆ ಬಗೆಯಾದರೆ ಬೆಳಗಾವಿಯಂಥ ಊರಿನ ದೊಡ್ಡ ಆಸ್ಪತ್ರೆಗೆ ಈಗಲೇ ತೋರಿಸಿ.

ಮುಖ್ಯವಾಗಿ ಕೀಲುಗಳು ಅತಿಯಾಗಿ ಬಾಗುವ ಹೈಪರ್‌ಮೊಬೈಲ್ ಬಗೆಯಾದರೆ ಹೆಚ್ಚಿನವರಿಗೆ ಸಹಜ ಹೆರಿಗೆ ಸಾಧ್ಯ. ಆದರೆ ಕೆಲವರಿಗೆ ಅದು ತೀರಾ ಬೇಗ ಆಗಿಬಿಡುತ್ತದೆ. ನೋವು ಶುರುವಾದ ಮೇಲೆ ಗಾಡಿ ಹುಡುಕುವಂತಾಗಬಾರದು. ಕೊನೆಯ ವಾರಗಳಲ್ಲಿ ಆಸ್ಪತ್ರೆಯ ಸಮೀಪವೇ ಇರಲಿ.

ಹಲವರು ಕಡೆಗಣಿಸುವ ಸಂಗತಿಯೊಂದಿದೆ: ಮರಗಟ್ಟಿಸುವ ಚುಚ್ಚುಮದ್ದು ಇಂಥ ಕೆಲವರಿಗೆ ಸರಿಯಾಗಿ ಹತ್ತುವುದಿಲ್ಲ. ಹಿಂದೆ ಹಲ್ಲು ಕೀಳಿಸುವಾಗ ಹೀಗಾಗಿತ್ತೇ ಎಂದು ತಂಗಿಯನ್ನು ಕೇಳಿ, ಅರಿವಳಿಕೆ ತಜ್ಞರಿಗೆ ಮುಂಚೆಯೇ ತಿಳಿಸಿ. ಹೊಲಿಗೆ ಹಾಕುವಾಗ ಅವಳು ನೋವೆಂದರೆ ದಯವಿಟ್ಟು ನಂಬಿ, ಅವಳ ಪರವಾಗಿ ಮಾತನಾಡಿ. ಹೆರಿಗೆ ಕೋಣೆಯಲ್ಲಿ ತೊಡೆಗಳನ್ನು ಬಲವಂತವಾಗಿ ಅಗಲಿಸಬಾರದು, ಕೀಲು ಜಾರಬಹುದು. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ವೈದ್ಯರು ಸಿದ್ಧರಿರಬೇಕು. ಗಾಯ ಮಾಯಲು ತಡವಾಗುತ್ತದೆ.

ಬಾಣಂತನದಲ್ಲಿ ಎಣ್ಣೆ ಹಚ್ಚಿ ಎರೆಯುವುದು ಬೇಡವೆನ್ನುವುದಿಲ್ಲ. ಆದರೆ ಕೈಕಾಲು ಎಳೆದು ನೀವುವುದು ಬೇಡವೇ ಬೇಡ, ತಾಯಿಗೂ ಕೂಸಿಗೂ. ಈ ಕಾಯಿಲೆ ಮಗುವಿಗೂ ಬರಬಹುದಾದ್ದರಿಂದ ಅದರ ಸೊಂಟದ ಕೀಲನ್ನು ಮಕ್ಕಳ ವೈದ್ಯರಿಗೆ ತೋರಿಸಿ.